ಗೀಸರ್ ವಿಚಾರಿಸುವ ಮಾವ

ಬಚ್ಚಲಿನ ಹಳೇ ಗೀಸರ್ ತಳ ತೂತಾಗಿ ಪ್ರಾಣ ಬಿಟ್ಟಾಗಿನಿಂದ ಮಾವನವರಿಗೆ ಕೈತುಂಬಾ ಕೆಲಸ. ಅಂಗಡಿಗೆ ಹೋದರೆ ಗೀಸರಿನ ಹೊಟ್ಟೆಗೆ ಬೆರಳಿನಿಂದ ಕುಟ್ಟಿ, ಕಿವಿಯಿಟ್ಟು ಕೇಳಿ, ಆಮೇಲೆ ಮಾರುವವನನ್ನೇ "ನಿಮ್ಮನೇಲಿ ಯಾವುದು ಹಾಕಿಸಿದೀರಿ, ನಿಜ ಹೇಳಿ" ಎಂದು ಕಟಕಟೆಗೆ ಏರಿಸುತ್ತಾರೆ. ನೆಂಟರ ಮನೆಗೆ ಹೋದರೆ ಕೂರುವ ಮೊದಲೇ "ಕೈ ತೊಳ್ಕೊಂಡು ಬಂದೆ" ಎಂದು ಬಚ್ಚಲು ಹೊಗುತ್ತಾರೆ, ಹೊರಬರುವಾಗ ಅಂಗಿಯ ತೋಳೆಲ್ಲ ಒದ್ದೆ, ಬಾಯಲ್ಲಿ ತೀರ್ಪು: "ಬಿಸಿಯೇನೋ ಇದೆ, ಆದ್ರೆ ಧಾರೆ ಸಣ್ಣ." ಅತ್ತೆಯವರು, "ನನ್ನನ್ನು ಮದುವೆ ಆಗೋವಾಗಲೂ ಇವರು ಇಷ್ಟು ವಿಚಾರಿಸಲಿಲ್ಲ" ಎಂದು ಮೂತಿ ತಿರುಗಿಸುತ್ತಾರೆ. ಇತ್ತ ಸೊಸೆ ಒಲೆಯಲ್ಲಿ ಕಾಯಿಸಿದ ನೀರನ್ನು ಹೊತ್ತು ಬಚ್ಚಲಿಗೆ ನಡೆದರೆ ಅಂಬೆಗಾಲಿಡುವ ಮಗು ಕಾಲಿಗೇ ಅಡ್ಡ ಬರುತ್ತಿತ್ತು. ಒಂದು ಬೆಳಿಗ್ಗೆ ಬಿಸಿನೀರು ಮಗುವಿನ ಪಕ್ಕದಲ್ಲೇ ತುಳುಕಿತು. "ಮಾವ, ಇವತ್ತು ತಗೊಂಡೇ ಬರೋಣ," ಎಂದು ಮಗುವನ್ನೆತ್ತಿಕೊಂಡು ತಾನೂ ಹೊರಟಳು. ಮನೆಯಲ್ಲಿ ಎಷ್ಟು ಜನ ಎಂದು ಅಂಗಡಿಯವನು ಕೇಳಿದ. ಮಾವ ಬೆರಳು ಮಡಿಚಿದರು: "ನನ್ನ ಹೆಂಡತಿ, ಮಗ, ಸೊಸೆ, ಈ ಪುಟ್ಟಿ. ನಾಲ್ಕು ಜನಕ್ಕೆ ಸಾಕಾಗೋದು ಕೊಡಿ." "ಮತ್ತೆ ನೀವು?" ಎಂದಳು ಸೊಸೆ. "ನಂದೇನಮ್ಮ, ಎಲ್ಲರದ್ದೂ ಆದ್ಮೇಲೆ ತಣ್ಣೀರು ಸುರ್ಕೊಂಡ್ರೆ ಆಯ್ತು. ಹಳೇದು ಇದ್ದಾಗ್ಲೂ ಹಾಗೇ ತಾನೆ?" ಅದು ಆಕೆಗೆ ಗೊತ್ತೇ ಇರಲಿಲ್ಲ. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, "ಐದು ಜನ ಇದೀವಿ, ಆ ದೊಡ್ಡದನ್ನೇ ಕೊಡಿ," ಎಂದಳು. ಮಾವ ಅದರ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.