ಗೋಡೆಯಾಚೆಯಿಂದ ಬಂದ ಹಾಡು

ಜೂನ್ ತಿಂಗಳ ಶನಿವಾರ, ಬೆಳಗ್ಗೆ ಹತ್ತು ಗಂಟೆ. ಕ್ಯಾಲಿಫೋರ್ನಿಯಾದ ಟೊರೆನ್ಸಿನ ಮನೆಯ ಬಚ್ಚಲಲ್ಲಿ ನಾನು ಮತ್ತು ಮೊಮ್ಮಗಳು, ಇಬ್ಬರೇ. ಅವಳ ಎಂಟನೇ ತರಗತಿ ಮುಗಿದಿದೆ. ಶಾಲೆಯವರು ಕೊಟ್ಟಿದ್ದ ಬ್ಯಾರಿಟೋನನ್ನು ಸೋಮವಾರ ಹಿಂತಿರುಗಿಸಬೇಕು. ಕೂಸನ್ನು ಎತ್ತಿಕೊಂಡ ಹಾಗೆ ಮಡಿಲಲ್ಲಿಟ್ಟು ಊದುವ, ಮೂರು ಗುಂಡಿಗಳ ದಪ್ಪ ಹಿತ್ತಾಳೆ ವಾದ್ಯ ಅದು. ತೊಳೆದೇ ಕೊಡಬೇಕು. ನಾನು ಟಬ್ಬಿಗೆ ಉಗುರುಬೆಚ್ಚಗಿನ ನೀರು ಬಿಟ್ಟೆ. ಅವಳು ಗುಂಡಿಗಳನ್ನು ತಿರುಗಿಸಿ ಹೊರಕ್ಕೆಳೆದಳು. ಒಳಗಿನ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಹೆಚ್ಚುಕಡಿಮೆ ಸೀಮೆಎಣ್ಣೆಯದೇ ವಾಸನೆ. ಅದನ್ನು ಎಲ್ಲಿಗೆ, ಎಷ್ಟು ಹನಿ ಬಿಡಬೇಕೆಂದು ಗೋಡೆಯಾಚೆ ನಿಂತೇ ಹೇಳಿಕೊಟ್ಟವರು ಹಿಂದಿನ ಮನೆಯ ಬ್ಯಾಂಡ್ ಅಜ್ಜ...

ಕೊರೊನಾ ಬಂದ ವರ್ಷ ಅವಳು ಆರನೇ ತರಗತಿ. ಶಾಲೆಯೆಲ್ಲ ಲ್ಯಾಪ್‌ಟಾಪಿನೊಳಗೆ. ಅವಳಿಗೆ ಬೇಕಿದ್ದದ್ದು ಕೊಳಲು. ಶಾಲೆಯೆದುರು ವಾದ್ಯ ಹಂಚುವ ಸಾಲಿನಲ್ಲಿ ನಮ್ಮ ಕಾರು ಮುಂದೆ ಬರುವಷ್ಟರಲ್ಲಿ ಕೊಳಲು ಮುಗಿದುಹೋಗಿ, ಮಾಸ್ಕ್ ಹಾಕಿದ್ದ ಒಬ್ಬರು ಕಿಟಕಿಯಿಂದ ಈ ಭಾರದ ಪೆಟ್ಟಿಗೆಯನ್ನು ಒಳಗಿಟ್ಟರು. ಬ್ಯಾಂಡ್ ಕ್ಲಾಸಿನಲ್ಲಿ ಮಕ್ಕಳೆಲ್ಲರ ಮೈಕೂ ಮ್ಯೂಟ್. ಇಂಟರ್ನೆಟ್ಟಿನಲ್ಲಿ ಸದ್ದುಗಳು ಒಟ್ಟಿಗೆ ತಲುಪುವುದಿಲ್ಲವಂತೆ. ಹಾಗಾಗಿ ಪ್ರತಿ ಮಗುವೂ ತನ್ನ ತನ್ನ ಮನೆಯಲ್ಲಿ ಒಂಟಿಯಾಗಿ ಊದಬೇಕು.

ನಾನು ಚಿತ್ರದುರ್ಗದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಆಗಿದ್ದವಳು. ಗಂಟೆ ಹೊಡೆದರೆ ಕೆಲಸ ಶುರುವಾಗಬೇಕು. ಮಗಳು, ಅಳಿಯ ಎರಡು ಕೋಣೆಗಳಲ್ಲಿ ಮೀಟಿಂಗಿಗೆ ಕೂತಿರುತ್ತಿದ್ದರಿಂದ ಅಭ್ಯಾಸವನ್ನು ಹಿತ್ತಲಿಗೆ ಹಾಕಿದೆ. ದಿನಾ ನಾಲ್ಕು ಗಂಟೆಗೆ, ಅರ್ಧ ತಾಸು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೈತಾಳ ಹಾಕುತ್ತಿದ್ದೆ.

ಕಲಿಯಬೇಕಿದ್ದದ್ದು ಹೊಸಬರಿಗೆಂದೇ ಬರೆದ ಒಂದು ಪುಟ್ಟ ಮಾರ್ಚ್. ಅವಳ ಹಾಳೆಯ ಪ್ರಕಾರ ಮೊದಲು ಹದಿನಾರು ಎಣಿಸುವವರೆಗೆ ಸುಮ್ಮನಿರಬೇಕು. ಆಮೇಲೆ ಪೋಂ... ಪೋಂ... ಮತ್ತೆ ಸುಮ್ಮನೆ. ಎರಡು ವಾರ ಕೇಳಿದರೂ ಅದರಲ್ಲಿ ಹಾಡೆನ್ನುವುದು ನನಗೆ ಸಿಕ್ಕಲಿಲ್ಲ. ಅವಳಿಗೂ ಸಿಕ್ಕಿರಲಿಲ್ಲ. ಒಂದು ದಿನ ವಾದ್ಯವನ್ನು ಹುಲ್ಲಿನ ಮೇಲಿಟ್ಟು, "ಐ ವಾಂಟ್ ಟು ಕ್ವಿಟ್, ಅಜ್ಜಿ. ನೋಬಡಿ ಕ್ಯಾನ್ ಹಿಯರ್ ಮೀ" ಎಂದಳು. ಅಳಲಿಲ್ಲ. ಹನ್ನೊಂದು ವರ್ಷದ ಮಗು ಅಷ್ಟು ತಣ್ಣಗೆ ಮಾತಾಡಿದ್ದು ನನಗೆ ಹಿಡಿಸಲಿಲ್ಲ.

ಆಗ ಹಿಂದಿನ ಗೋಡೆಯಾಚೆಯಿಂದ ಒಂದು ದನಿ. "ಯಾರಿಗೆ ಕೇಳೂದಿಲ್ಲ? ನನಗೆ ಕೇಳ್ತದೆ ಮಾರಾಯ್ತಿ, ದಿನಾ ಕೇಳ್ತದೆ."

ಮಂಗಳೂರು ಕಡೆಯ ಹಿರಿಯರು. ಅವರ ಮಗ ನನ್ನ ಮಗಳ ಆಫೀಸಿನವನೇ. ಈ ಮನೆ ಬಾಡಿಗೆಗಿದೆಯೆಂದು ನಮಗೆ ತಿಳಿಸಿದ್ದೂ ಅವನೇ. ತಂದೆ ಇದ್ದಾರೆಂದು ಗೊತ್ತಿತ್ತು, ಮಾತಾಡಿದ್ದಿಲ್ಲ.

"ಕದ್ದು ಕೇಳ್ತಿದ್ರಾ?" ಎಂದೆ.

"ಕದಿಯಲಿಕ್ಕೆ ಎಂತ ಉಂಟು ವಾರ್ಡನ್ ಅಮ್ಮ? ಬೀದಿಗೆಲ್ಲ ಹಂಚ್ತಾ ಇದ್ದೀರಿ."

ನಾನು ವಾರ್ಡನ್ ಎಂದು ಅವರಿಗೆ ಯಾರೂ ಹೇಳಿರಲಿಲ್ಲವಂತೆ. ನನ್ನ ದನಿ ಕೇಳಿಯೇ ಆ ಹೆಸರಿಟ್ಟಿದ್ದರು. ಚಿಕ್ಕಂದಿನಿಂದ ಚರ್ಚಿನ ಹಬ್ಬಗಳಿಗೆ, ಮದುವೆಗಳಿಗೆ ಟ್ರಂಪೆಟ್ ಊದಿದವರು. ಹೆಂಡತಿ ಹೋದ ಮೇಲೆ ಅದನ್ನು ಮುಟ್ಟಿರಲಿಲ್ಲ. "ನಿನ್ನ ಹತ್ರ ಇರೂದು ಹಾಡಿನ ಕಾಲು, ಮಗಾ. ತಲೆ ಟ್ರಂಪೆಟಿನವರ ಹತ್ರ ಉಂಟು. ಆ ಹಾಳೆ ಸಿಕ್ತದಾ ನೋಡು" ಎಂದರು.

ಮೊಮ್ಮಗಳು ಟೀಚರಿಗೆ ಬರೆದು ಟ್ರಂಪೆಟ್ ಹಾಳೆ ತರಿಸಿದಳು. ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿಗೆ ಹಾರದಿರಲೆಂದು ನಮ್ಮ ಗಿಡದ ಒಂದು ನಿಂಬೆಹಣ್ಣನ್ನೂ ಸೇರಿಸಿ ಗೋಡೆಯಾಚೆಗೆ ಎಸೆದೆ. "ಹಾಳೆ ಬಂತು. ನಿಂಬೆ ವಾಪಸ್ ಇಲ್ಲ" ಎಂದು ಉತ್ತರ ಬಂತು.

ಮರುದಿನ ನಾಲ್ಕಕ್ಕೆ ಅವಳು ಎಣಿಸಲು ತೊಡಗಿದಳು. ಸುಮ್ಮನಿರಬೇಕಾದ ಆ ಜಾಗದಲ್ಲಿ ಗೋಡೆಯಾಚೆಯಿಂದ ಹಾಡು ಎದ್ದಿತು. ಕಟ್ಟಿಸಿದ ಹಲ್ಲಿನಿಂದಾಗಿ ಮೇಲಿನ ಸ್ವರಗಳು ಅಲ್ಲಲ್ಲಿ ಸೀಳುತ್ತಿದ್ದವು. ಆದರೂ ಹಾಡು. ಹದಿನಾರಾಯಿತು. ಅವಳ ಪೋಂ ಹೋಗಿ ಅದರಡಿ ಕೂತಿತು. ಊದುತ್ತಲೇ ಅವಳ ಕಣ್ಣು ಅಗಲವಾದದ್ದು ನನಗೀಗಲೂ ಕಾಣುತ್ತದೆ. ಮುಗಿದ ಮೇಲೆ "ಓ! ದಟ್ಸ್ ದ ಸಾಂಗ್!" ಎಂದು ಕೂಗಿದಳು. ಬಿಡುವ ಮಾತು ಮತ್ತೆ ಬರಲಿಲ್ಲ.

ಆ ಚಳಿಗಾಲವಿಡೀ ಹೀಗೇ. ನಾಲ್ಕಕ್ಕೆ ಈಚೆ ಇವಳು, ಆಚೆ ಅವರು. ಅವರ ಮುಖ ನಾವು ಸರಿಯಾಗಿ ಕಂಡದ್ದೇ ಇಲ್ಲ. ಗೋಡೆಯ ಮೇಲೆ ಕೆಲವೊಮ್ಮೆ ಅವರ ಉಲ್ಲನ್ ಟೋಪಿಯ ತುದಿ ಕಾಣುತ್ತಿತ್ತು. "ಲಸಿಕೆ ಆದ ಮೇಲೆ ನಿಮ್ಮ ಹಿತ್ತಿಲಿಗೇ ಬರ್ತೇನೆ. ಗೋಡೆ ಇಲ್ಲದೆ ಒಂದು ಸಲ ಊದಬೇಕು ಮಗಾ, ಎದುರುಬದುರು ಕೂತು. ಬ್ಯಾಂಡ್ ಅಂದ್ರೆ ಅದು" ಎನ್ನುತ್ತಿದ್ದರು. ಅವಳು ಅದಕ್ಕೆಂದೇ ಎರಡು ಕುರ್ಚಿಗಳ ಜಾಗ ಗೊತ್ತುಮಾಡಿಟ್ಟಿದ್ದಳು.

ಲಸಿಕೆಗೆ ಮುಂಚೆ ಅವರ ಮಗನಿಗೆ ಸ್ಯಾನ್ ಡಿಯೇಗೊದಲ್ಲಿ ಕೆಲಸವಾಯಿತು. ಮನೆ ಖಾಲಿ ಮಾಡುವ ದಿನ ಅಜ್ಜ ಗೋಡೆಯಾಚೆಯಿಂದಲೇ, "ಎರಡು ತಾಸಿನ ದಾರಿ. ಅದಕ್ಕೆಂತ ಅಳೂದು?" ಎಂದರು. ಅಳುತ್ತಿದ್ದವರು ಈಚೆ ಯಾರೂ ಇರಲಿಲ್ಲ.

ನಾಲ್ಕು ಗಂಟೆಯನ್ನು ತಪ್ಪಿಸಬಾರದೆಂದು ವಿಡಿಯೋ ಕರೆ ಮಾಡಿದೆವು. ಅವರ ಮುಖವನ್ನು ಪೂರ್ತಿ ನೋಡಿದ್ದು ಆವತ್ತೇ. ತೆಳ್ಳನೆಯ, ನಗುವಾಗ ಒಂದು ಕಣ್ಣು ಮುಚ್ಚುವ ಮುಖ. ಅವರು ಹಾಡು ಎತ್ತಿದರು. ಅವಳ ಸ್ವರ ಅಲ್ಲಿಗೆ ತಡವಾಗಿ ತಲುಪಿತು. ಅವಳಿಗಾಗಿ ಅವರು ನಿಧಾನಿಸಿದರು. ಅದನ್ನು ಕೇಳಿ ಇವಳೂ ನಿಧಾನಿಸಿದಳು. ಒಬ್ಬರಿಗಾಗಿ ಒಬ್ಬರು ಕಾಯುತ್ತ ಕಾಯುತ್ತ ಮಾರ್ಚ್ ನಡುವಿನಲ್ಲೇ ನಿಂತುಹೋಯಿತು. ನನ್ನ ತಾಳಕ್ಕೆ ಇಬ್ಬರನ್ನೂ ಹಿಡಿಯಲಾಗಲಿಲ್ಲ.

"ಮದುವೆಗೆ ಹೊರಟ ಬ್ಯಾಂಡು ಹೆಣದ ಹಿಂದೆ ಹೋದ ಹಾಗಾಯ್ತಲ್ಲಾ!" ಎಂದು ನಕ್ಕರು. ನಾವೂ ನಕ್ಕೆವು. ಇನ್ನೂ ಕೆಲವು ದಿನ ಪ್ರಯತ್ನಿಸಿದೆವು. ಕೊನೆಗೆ ಅವರೇ, "ಇದು ಬೇಡ ಮಗಾ. ನೀನು ಬಾ. ಇಲ್ಲೇ ಊದುವ" ಎಂದರು.

ಏಪ್ರಿಲ್ ಹೊತ್ತಿಗೆ ದೊಡ್ಡವರೆಲ್ಲರಿಗೂ ಲಸಿಕೆಯಾಗಿತ್ತು. ಒಂದು ಭಾನುವಾರ ಹೋಗುವುದೆಂದು ಮಗಳು ಹೇಳಿದಳು. ಗುರುವಾರ ಬೆಳಗ್ಗೆ ಅವರ ಮಗನ ಫೋನ್ ಬಂತು. ರಾತ್ರಿ ಮಲಗಿದವರು ಏಳಲಿಲ್ಲ...

ಚರ್ಚಿನಲ್ಲಿ ಮನೆಯವರಿಗಷ್ಟೇ ಜಾಗ. ನಾವು ಲ್ಯಾಪ್‌ಟಾಪಿನಲ್ಲಿ ನೋಡಿದೆವು. ಎಲ್ಲರ ಮೈಕೂ ಮ್ಯೂಟ್ ಆಗಿತ್ತು. ಪಾದ್ರಿಗಳ ಪ್ರಾರ್ಥನೆ ಮುಗಿದಾಗ ಮೊಮ್ಮಗಳು ಎದ್ದುಹೋಗಿ ವಾದ್ಯ ತಂದು ಮಡಿಲಲ್ಲಿಟ್ಟುಕೊಂಡಳು. ಪಾದ ತಟ್ಟುತ್ತ ಹದಿನಾರು ಎಣಿಸಿದಳು. ಆ ಹದಿನಾರು ಅಷ್ಟು ಉದ್ದವಾಗಬಹುದೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ತನ್ನ ಪಾಲಿನದನ್ನು ಊದಿದಳು. ಮಗಳು ಮೈಕ್ ತೆರೆಯಲು ಕೈ ಚಾಚಿದಳು. ಮೊಮ್ಮಗಳು ತಲೆಯಾಡಿಸಿ, "ಬೇಡ ಅಮ್ಮ. ಇಟ್ ವಿಲ್ ಗೆಟ್ ದೇರ್ ಲೇಟ್" ಎಂದು ಮತ್ತೆ ಊದಿದಳು. ನಾನು ಕೊನೆಯವರೆಗೂ ತಾಳ ಹಾಕಿದೆ.

ಮುಂದಿನ ವರ್ಷ ಶಾಲೆ ತೆರೆಯಿತು. ದೊಡ್ಡ ಕೋಣೆಯಲ್ಲಿ ಮಕ್ಕಳೆಲ್ಲ ಒಟ್ಟಿಗೆ ಕೂತು ಮೊದಲು ನುಡಿಸಿದ್ದು ಅದೇ ಮಾರ್ಚ್. ಟ್ರಂಪೆಟ್ಟಿನವರೇ ಆರೇಳು ಮಂದಿಯಿದ್ದರಂತೆ. ಹೇಗಿತ್ತೆಂದು ಕೇಳಿದೆ. ಬೂಟು ಕಳಚುತ್ತ, "ದೇ ಪ್ಲೇ ಇಟ್ ಟೂ ಫಾಸ್ಟ್" ಎಂದಳು. ಬ್ಯಾಂಡ್ ಅಜ್ಜನನ್ನು ಕುರಿತು ಆಮೇಲೆ ನಾವಿಬ್ಬರೂ ಮಾತಾಡಿದ್ದು ಕಡಿಮೆ. ಮುಂದಿನ ತರಗತಿಗೆ, ಹೈಸ್ಕೂಲಿಗೆ, ಅವಳು ಬ್ಯಾಂಡ್ ಆರಿಸಿಕೊಂಡಿಲ್ಲ. ಏಕೆಂದು ನಾನು ಕೇಳಿಲ್ಲ.

ಇವತ್ತು ತೊಳೆದು ಮುಗಿಯುವಾಗ ಹನ್ನೊಂದೂವರೆ. ಕೊಳವೆಗಳೊಳಗಿನ ನೀರು ಬಸಿಯಲು ಬೋರಲು ಹಾಕಿದೆವು. ಮಧ್ಯಾಹ್ನ ಅವಳು ಗುಂಡಿಗಳಿಗೆ ಹೊಸ ಎಣ್ಣೆ ಬಿಟ್ಟು ಕೂರಿಸಿದಳು. ಒಮ್ಮೆ ಊದಿ ನೋಡುತ್ತೀಯಾ ಎಂದೆ. "ನೋ, ಇಟ್ಸ್ ಓಕೆ" ಎಂದು ತನ್ನ ಕೋಣೆಗೆ ಹೋದಳು. ನಾನು ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು, ಎರಡೂ ಕೊಂಡಿ ಹಾಕಿ, ಬಾಗಿಲ ಹತ್ತಿರ ಇರಿಸಿದೆ.