ಚೀಟಿಯಿಲ್ಲದೆ ಕೊಟ್ಟ ಮಾತ್ರೆ

ತ್ರಿಪ್ಲಿಕೇನಿನಲ್ಲಿ ನಮ್ಮದು ಸಣ್ಣ ಔಷಧಿ ಅಂಗಡಿ. ಒಂದು ಸಂಜೆ ನಮ್ಮ ಮೇಲಿನ ಮನೆಯ ಹುಡುಗಿ ಶಾಲೆಯ ಸಮವಸ್ತ್ರದಲ್ಲೇ ಬಂದು, ಅಜ್ಜಿಗೆ ಮಂಡಿನೋವೆಂದು ಒಂದು ಮಾತ್ರೆಯ ಹೆಸರು ಹೇಳಿದಳು. ಅಮಲು ತರುವ ನೋವಿನ ಮಾತ್ರೆ, ವೈದ್ಯರ ಚೀಟಿಯಿಲ್ಲದೆ ಕೊಡಬಾರದ್ದು. ಹಾಸನದ ಕಡೆಯ ಪರಿಚಯದ ಕುಟುಂಬ, ಅಜ್ಜಿಯನ್ನೂ ಬಲ್ಲೆ. ಒಂದು ಸ್ಟ್ರಿಪ್ ಕೊಟ್ಟುಬಿಟ್ಟೆ.

ವಾರದೊಳಗೆ ಅದೇ ಮಾತ್ರೆ ಕೇಳಿಕೊಂಡು ಮತ್ತೆ ಬಂದಳು. ಮುಖ ಬಾಡಿತ್ತು.

"ಅಜ್ಜಿ ಹೇಗಿದಾರಮ್ಮ?"

"ನಲ್ಲಾ ಇರುಕ್ಕಾಂಗ, ಆಂಟಿ." ಇಲ್ಲೇ ಬೆಳೆದವಳು, ಮಾತು ಹೆಚ್ಚಾಗಿ ತಮಿಳೇ.

ಚೆನ್ನಾಗಿದ್ದರೆ ಮಾತ್ರೆ ಯಾರಿಗೆ? ಕೇಳಿದೆ. "ಎನಕ್ಕುತಾನ್," ಎಂದಳು. ತನಗೇ ಎಂದು. ಕ್ಲಾಸಿನಲ್ಲಿ ನಾಲ್ವರು ತೆಗೆದುಕೊಳ್ಳುತ್ತಾರಂತೆ, ಪರೀಕ್ಷೆಯ ಭಯ ಹೋಗುತ್ತದಂತೆ. ಬೇರೆ ಅಂಗಡಿಗಳಲ್ಲೂ ಕೊಂಡಿದ್ದಳಂತೆ. ಅವಳಿಗೆ ಆಗ ಹದಿನೈದು.

ಅಂಗಡಿಯನ್ನು ಗಂಡನಿಗೆ ಬಿಟ್ಟು ಅವಳ ಜೊತೆಯಲ್ಲೇ ಮನೆಗೆ ಹೋದೆ. ಅವಳ ತಾಯಿ ಕೇಳುತ್ತಲೇ ಸಿಡಿದರು.

"ನಮ್ಮ ಹುಡುಗಿ ಅಂಥೋಳಲ್ಲ ಕಣ್ರೀ! ಬಿಲ್ಡಿಂಗಿನಲ್ಲೆಲ್ಲ ಹೇಳಿ ನಮ್ಮ ಮಾನ ಕಳೀಬೇಡಿ."

"ಯಾರಿಗೂ ಹೇಳಲ್ಲ. ಒಂದು ಸ್ಟ್ರಿಪ್ ಕೊಟ್ಟೋಳು ನಾನೇ, ತಪ್ಪು ನಂದೂ ಇದೆ. ನಾಳೆ ಆಸ್ಪತ್ರೆಗೆ ನಾನೂ ಬರ್ತೀನಿ."

ಆಕೆ ಮಗಳ ಮುಖ ನೋಡಿದರು. ಹುಡುಗಿ ತಲೆಯೆತ್ತಲಿಲ್ಲ. ತಾಯಿ ಬಾಗಿಲು ಮುಚ್ಚಿ, "ಎಷ್ಟು ಗಂಟೆಗೆ ಹೋಗೋಣ?" ಎಂದರು.

ಮರುದಿನ ಮೂವರೂ ಹೋದೆವು. ಡಾಕ್ಟರು ಬೈಯಲಿಲ್ಲ, ನಾವೂ ಬೈಯಬಾರದೆಂದರು. ಚಟ ಬಿಡಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದೂ ಹೇಳಿದರು.

ಇನ್ನು ಚೀಟಿಯಿಲ್ಲದೆ ಯಾರಿಗೂ ಕೊಡುವುದಿಲ್ಲ ಎಂದೆ. ಗಂಡ ನಕ್ಕರು. "ನಾವು ಕೊಡದಿದ್ರೆ ಪಕ್ಕದೋನು ಕೊಡ್ತಾನೆ."

"ಹಾಗಾದ್ರೆ ಪಕ್ಕದೋನನ್ನೂ ಕೇಳ್ತೀನಿ."

ಕೇಳಿಯೇಬಿಟ್ಟೆ. ಆ ಬೀದಿಯ ಒಂದೊಂದು ಔಷಧಿ ಅಂಗಡಿಗೂ ಹೋದೆ. ಹೆಚ್ಚಿನವರಿಗೆ ಮಕ್ಕಳಿದ್ದರು, ಒಪ್ಪಿದರು. ಮೂಲೆಯಂಗಡಿಯವರು ಮಾತ್ರ, "ನಿಮಗ್ಯಾಕಮ್ಮ ಊರ ಉಸಾಬರಿ?" ಎಂದು ತಮಿಳಿನಲ್ಲಿ ಗದರಿದರು. ಮತ್ತೆ ಹೋದೆ. ಮೂರನೆಯ ಸಲ ಹೋದಾಗ, ಔಷಧ ಇಲಾಖೆಗೆ ದೂರು ಬರೆದು ಕೈಯಲ್ಲೇ ಹಿಡಿದಿದ್ದೆ. ಅವರು ಅದನ್ನು ಓದಿದರು. ಆಮೇಲೆ ಆ ಅಂಗಡಿಯಲ್ಲೂ ಚೀಟಿ ಕೇಳತೊಡಗಿದರು.

ಹುಡುಗಿ ನಡುವೆ ಎರಡು ಸಲ ಮತ್ತೆ ಮಾತ್ರೆಗೆ ಜಾರಿದಳು. ಎರಡು ಸಲವೂ ತಾಯಿಗೆ ತಾನೇ ಹೇಳಿದಳು. ಆ ವರ್ಷ ಪರೀಕ್ಷೆಗೆ ಕೂರಲಿಲ್ಲ, ಮುಂದಿನ ವರ್ಷ ಪಾಸಾದಳು.

ಮೊನ್ನೆ ಅಂಗಡಿಗೆ ಬಂದು, ಅಪರೂಪಕ್ಕೆ ಕನ್ನಡದಲ್ಲೇ ಕೇಳಿದಳು. "ಆಂಟಿ, ಆ ನಾಲ್ಕು ಜನದಲ್ಲಿ ಒಬ್ಬಳು ಇನ್ನೂ ತಗೋತಾಳೆ. ಕರ್ಕೊಂಡ್ ಬರ್ಲಾ?"

"ಇವತ್ತೇ ಕರ್ಕೊಂಡ್ ಬಾ," ಎಂದೆ.