ಕಿವಿಗೊಟ್ಟು ಕಲಿತ ಅಡುಗೆ

ಮೂರು ವರ್ಷದ ಹಿಂದಿನ ಮಾತು. ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಜ್ವರ ಬಂದು ಮಲಗಿದ್ದೆ. ಗಂಡ ಯಾವುದೋ ಕೆಲಸದ ಮೇಲೆ ಬೆಳಿಗ್ಗೆಯೇ ಸತ್ಯಮಂಗಲದ ಬಸ್ಸು ಹತ್ತಿದ್ದರು. ನಮ್ಮೂರು ತಿಗನಾರೆಯ ಮನೆಯಲ್ಲಿ ಉಳಿದವರು ಒಂಬತ್ತು ವರ್ಷದ ಮಗಳು ಮತ್ತು ಕಣ್ಣು ಕಾಣದ ಅತ್ತೆ. ಬೆಟ್ಟದಿಂದ ಇಳಿದ ಮಂಜು ಹೊತ್ತೇರಿದರೂ ಅಂಗಳ ಬಿಟ್ಟಿರಲಿಲ್ಲ. ನಿದ್ದೆ ಎಚ್ಚರಗಳ ನಡುವೆ ನಾನು ಎಲ್ಲೋ ತೇಲುತ್ತಿದ್ದೆ.

ಮಗಳನ್ನು ಒಲೆಯ ಹತ್ತಿರ ನಾನು ಬಿಟ್ಟವಳೇ ಅಲ್ಲ. ಸುಟ್ಟುಕೊಂಡಾಳು ಎಂಬ ಭಯ. ಅವಳಿಗೆ ಮೊಸರನ್ನ, ಅದು ಬಿಟ್ಟರೆ ಅಂಗಡಿಯ ಚಿಪ್ಸ್. ಸೊಪ್ಪು ಕಂಡರೆ ತಟ್ಟೆ ಸರಿಸುತ್ತಿದ್ದಳು.

ಅಡುಗೆಮನೆಯಿಂದ ಅತ್ತೆಯ ದನಿ ಕೇಳಿಸಿತು.

"ನಿಮ್ಮವ್ವ ಏಳಾಕಾಗಲ್ಲ. ನಂಗೆ ಕಣ್ಣು ಕಾಣಲ್ಲ. ನೀ ನೋಡು, ನಾ ಕೇಳ್ತೀನಿ. ಇಬ್ರೂ ಸೇರಿ ಇಟ್ಟು ಮಾಡವಾ."

"ನಂಗೆ ಬರಾಕಿಲ್ಲ ಕಣಜ್ಜಿ."

"ನಂಗೂ ಬತ್ತಿರ್ಲಿಲ್ಲ ಕಣವ್ವ. ನಮ್ಮವ್ವ ಏಳ್ಕೊಟ್ಳು."

ಎದ್ದು ಹೋಗಿ ತಡೆಯಬೇಕು ಅಂದುಕೊಂಡೆ. ಕೈಕಾಲು ಬೇರೆ ಯಾರವೋ ಎಂಬಂತೆ ಬಿದ್ದಿದ್ದವು.

ಮೊದಲು ಸೊಪ್ಪು. ಹಿತ್ತಲಿನಿಂದ ಮಗಳು ಕಿತ್ತು ತಂದ ಒಂದೊಂದನ್ನೂ ಅತ್ತೆ ಬೆರಳಲ್ಲಿ ಸವರಿ, ಮೂಸಿ ಹೆಸರು ಹೇಳಿದರು. "ಇದು ಗಣಿಕೆ, ವಾಸ್ನೆ ನೋಡು. ಇದು ಕೀರೆ. ಇದು ಬಲ್ತೋಗದೆ, ದನಕ್ಕೆ ಆಕ್ಬುಡು." ಮಗಳು ಪ್ರತಿ ಹೆಸರನ್ನೂ ತಾನೂ ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ಜ್ವರದ ಕಿವಿಗೆ ಅದು ಜೋಗುಳದ ಹಾಗಿತ್ತು.

ಸಾರು ಕುದಿದು ಇಳಿದ ಮೇಲೆ ಅತ್ತೆ 'ಇಟ್ಟು' ಅನ್ನುವ ರಾಗಿಮುದ್ದೆಯ ಸರದಿ.

"ಈಗ ಸುಮ್ಕಿರು. ನೀರಿನ ಸದ್ದು ಕೇಳು. ಗುಳುಗುಳು ಅಂದಾಗ ಅಸಿಟ್ಟು ಆಕು."

ಗೋಡೆಯ ಈಚೆ ನಾನೂ ಉಸಿರು ಬಿಗಿಹಿಡಿದು ಆ ನೀರಿಗೇ ಕಿವಿಗೊಟ್ಟಿದ್ದೆ.

"ಈಗ, ಅಜ್ಜಿ."

"ಊಂ, ಈಗಲೇ. ಉರಿ ಸಣ್ಣ ಮಾಡು."

ಕೋಲಿನಿಂದ ಹಿಟ್ಟು ತೊಳಸುವ ಸದ್ದಿನೊಳಗೆ ನನಗೆ ನಿದ್ದೆ ಹತ್ತಿತು.

ಕಣ್ಣು ಬಿಟ್ಟಾಗ ಮಗಳು ತಟ್ಟೆ ಹಿಡಿದು ನಿಂತಿದ್ದಳು. ಒಂದು ಕಡೆ ವಾಲಿದ ಮುದ್ದೆ, ಸುತ್ತ ಹಸಿರು ಸಾರು. ಅವಳ ಬೆರಳ ತುದಿ ಕೆಂಪಾಗಿತ್ತು. ಅದನ್ನು ಲಂಗದ ಮಡಿಕೆಯಲ್ಲಿ ಮರೆಮಾಡಿದಳು. ನಾನೂ ನೋಡದವಳಂತೆ ಇದ್ದೆ.

"ಗಂಟಾಗದಾ ಅವ್ವ?"

"ಎಲ್ಡೇ ಗಂಟು," ಅಂದೆ. ನಾಲ್ಕಿದ್ದವು.

ಸಾರಿಗೆ ಉಪ್ಪು ಸಾಲದಾಗಿತ್ತು. ಆದರೂ ಒಂದು ವಾರದಲ್ಲಿ ಮೊದಲ ಸಲ ನನ್ನ ಬಾಯಿಗೆ ಊಟ ಹಿಡಿಸಿತು. ಅವಳೂ ಹಾಸಿಗೆಯ ಪಕ್ಕ ಕೂತು, ಯಾರೂ ಹೇಳದೆಯೇ, ಸೊಪ್ಪನ್ನೆಲ್ಲ ಬಳಿದು ತಿಂದಳು. "ಇದ ನಾನೇ ಕಿತ್ತುದ್ದು," ಅಂದಳು.

ಜ್ವರ ಬಿಟ್ಟ ಮೇಲೂ ಅವಳನ್ನು ಒಲೆಯಿಂದ ದೂರ ಇಡಲು ನನಗೆ ಮನಸ್ಸಾಗಲಿಲ್ಲ. ಬಿಸಿ ಪಾತ್ರೆ ಹಿಡಿಯುವುದು, ಈಳಿಗೆ ಮಣೆಯ ಮೇಲೆ ಕೂತು ಹೆಚ್ಚುವುದು ನಾನು ಹೇಳಿಕೊಟ್ಟೆ; ಉಳಿದದ್ದು ಅತ್ತೆಯ ಪಾಠ. ಈಗ ಭಾನುವಾರದ ಅಡುಗೆ ಅವಳದೇ. ಪಕ್ಕದ ಮನೆಯ ಇಬ್ಬರು ಹುಡುಗಿಯರೂ ಕಲಿಯಲು ಬರುತ್ತಾರೆ. ಕಳೆದ ವಾರ ಅತ್ತೆಯ ಸುತ್ತ ಕೂತು ಅವರೆಕಾಳು ಹಿದುಕುತ್ತಾ ಮೂವರೂ ತುಂಬಾ ಹೊತ್ತು ನಗುತ್ತಿದ್ದರು. ಏನೆಂದು ಕೇಳಿದರೆ ಅತ್ತೆಯೂ ಹೇಳಲಿಲ್ಲ.